ಮೊದಲು ಪಹಣಿ, ಆಮೇಲೆ ನೀರು

ಜಗತ್ತಿನಲ್ಲಿ ನೋಡಿ ಮಾಡುವವರು, ಮಾಡಿ ನೋಡುವವರು ಎಂದು ಎರಡು ಬಗೆಯ ಜನರಿದ್ದಾರೆ. ನಾನು ಉದ್ಯೋಗದಿಂದ ಮೊದಲನೆಯ ಬಗೆಯವನು, ಸ್ವಭಾವದಿಂದ ಎರಡನೆಯ ಬಗೆಯವನು. ಭೋಸರಿಯ ಒಂದು ಕಾರ್ಖಾನೆಯಲ್ಲಿ ಹೊರಗಿನಿಂದ ಬರುವ ಮಾಲನ್ನು ತಪಾಸಣೆ ಮಾಡುವುದು ನನ್ನ ಕೆಲಸ. ಬೋಲ್ಟು ಬರಲಿ, ಬುಶ್ಶು ಬರಲಿ, ಎರಕದ ತುಂಡು ಬರಲಿ, ನಾನು ವರ್ನಿಯರ್ ಹಿಡಿದು ಅಳೆದು ಸಹಿ ಹಾಕದ ಹೊರತು ಅದು ಗೇಟಿನ ಪಕ್ಕದ ಶೆಡ್ಡು ದಾಟಿ ಒಳಗೆ ಹೋಗುವಂತಿಲ್ಲ. ಕೂದಲೆಳೆಯಷ್ಟು ವ್ಯತ್ಯಾಸವಿದ್ದರೂ ಹಿಡಿಯುತ್ತೇನೆಂಬ ಹೆಸರು ನನಗಿದೆ. ಮಾಲು ತರುವ ಟೆಂಪೋದವರು ನನ್ನನ್ನು ದೂರದಿಂದ ಕಂಡೇ ನಿಟ್ಟುಸಿರು ಬಿಡುತ್ತಾರೆ. ಆದರೆ ಸಂಜೆ ಕಂಪನಿಯ ಬಸ್ಸಿನಿಂದ ಇಳಿದು ಕರ್ವೆನಗರದ ನಮ್ಮ ಮನೆಯ ಮೆಟ್ಟಿಲು ಹತ್ತುವಷ್ಟರಲ್ಲಿ ನನ್ನ ಕಣ್ಣುಗಳ ಪಾಳಿ ಮುಗಿದಿರುತ್ತದೆ. ಮಜ್ಜಿಗೆಯೆಂದು ದೋಸೆಹಿಟ್ಟು ಕುಡಿದಿದ್ದೇನೆ. ಒಂದು ಸಲ ಕಂಪನಿಯ ಬಸ್ಸು ತಪ್ಪಿ, ಕಾರ್ಖಾನೆಗೆ ಹತ್ತಿರದ ಕಾಸಾರವಾಡಿಯಲ್ಲಿ ಇಳಿದರಾಯಿತೆಂದು ಶಿವಾಜಿನಗರದಲ್ಲಿ ಎದುರಿಗೆ ಬಂದ ರೈಲನ್ನು ಹತ್ತಿ ಕುಳಿತೆ. ಅದು ಮುಂಬಯಿಗೆ ಹೋಗುವ ಎಕ್ಸ್‌ಪ್ರೆಸ್ಸು. ಕಾಸಾರವಾಡಿ ಕಿಟಕಿಯಲ್ಲಿ ಬಂದು ಕಿಟಕಿಯಲ್ಲೇ ಹೋಯಿತು. ಲೋಣಾವಳಾದಲ್ಲಿ ಇಳಿದು, ಧೋ ಎಂದು ಸುರಿಯುವ ಮಳೆಯಲ್ಲಿ ನೆನೆದು, ಬಂದದ್ದು ಬಂದಾಯಿತೆಂದು ಎರಡು ಡಬ್ಬಿ ಚಿಕ್ಕಿ ಕೊಂಡು ಮರಳಿದೆ. ಸಹೋದ್ಯೋಗಿಯೊಬ್ಬರು ಊರಿಂದ ತಂದು ಕೊಟ್ಟರು ಎಂದು ಮನೆಯಲ್ಲಿ ಹೇಳಿದೆ. ಇದರಿಂದ ನನ್ನ ಇನ್ನೊಂದು ಗುಣವೂ ನಿಮಗೆ ತಿಳಿದಿರಬೇಕು. ನೋಡದೆ ಮಾಡುತ್ತೇನೆ, ಮಾಡಿದ್ದನ್ನು ಮುಚ್ಚುತ್ತೇನೆ.

ನಮ್ಮ ಮನೆಯ ಗಾಲಿಚೆಯ ವಿಷಯದಲ್ಲಿ ಈ ಎರಡೂ ಗುಣಗಳು ಜೊತೆಜೊತೆಯಾಗಿ ಕೆಲಸ ಮಾಡಿದವು. ಧಾರವಾಡದ ಕಡೆಯ ನಮ್ಮಂಥವರ ಮನೆಯಲ್ಲಿ ನೆಲಕ್ಕೆ ಹಾಸುವುದು ಜಮಖಾನೆ. ಮದುವೆ, ಮುಂಜಿ, ಹರಟೆ, ಇಸ್ಪೀಟು ಎಲ್ಲದಕ್ಕೂ ಅದೇ. ಧೂಳಾದರೆ ಇಬ್ಬರು ಎರಡು ತುದಿ ಹಿಡಿದು ಝಾಡಿಸಿದರಾಯಿತು, ಹೊಲಸಾದರೆ ಹಳ್ಳಕ್ಕೆ ಒಯ್ದು ಬಂಡೆಗೆ ಬಡಿದರಾಯಿತು. ಅದಕ್ಕೆ ಸಿಟ್ಟೂ ಇಲ್ಲ, ಸೆಡವೂ ಇಲ್ಲ. ಆದರೆ ನಮ್ಮ ಪಡಸಾಲೆಯಲ್ಲಿರುವುದು ಉಣ್ಣೆಯ ಒಂದೊಂದು ಎಳೆಗೂ ಗಂಟು ಹಾಕಿ ಕೈಯಿಂದ ನೇಯ್ದ, ಕೆಂಪು ಅಂಚಿನ, ಬಿಳಿ ಹೂಬಳ್ಳಿಯ ಗಾಲಿಚೆ. ನನ್ನ ಹೆಂಡತಿ ಸುಮಂಗಲೆಯ ತಂದೆ ಗದಗಿನಲ್ಲಿ ಬಟ್ಟೆಯ ವ್ಯಾಪಾರಿಯಾಗಿದ್ದರು. ಮಗಳ ಮದುವೆಗೆ ಎಲ್ಲರಂತೆ ಫ್ರಿಜ್ಜು, ಟೀವಿ ಕೊಡದೆ ಎಲ್ಲಿಂದಲೋ ಹುಡುಕಿ ಇದನ್ನು ತಂದರು. ಗದಗಿನಿಂದ ಪುಣೆಗೆ ರೈಲಿನಲ್ಲಿ ಬರುವಾಗ ತಮ್ಮ ಬರ್ತಿನ ಮೇಲೆ ಗಾಲಿಚೆಯನ್ನು ಮಲಗಿಸಿ ತಾವು ಅದರ ಪಾದದ ಕಡೆ ಕುಳಿತು ಬಂದಿದ್ದರು. ಈಗ ಅವರಿಲ್ಲ. ಅವರು ಕೊಟ್ಟ ಬಂಗಾರ ಕಪಾಟಿನಲ್ಲಿದೆ, ಸುಮಂಗಲೆಗೆ ಅದರ ನೆನಪು ಹಬ್ಬಕ್ಕೊಮ್ಮೆ ಆಗುತ್ತದೆ. ಗಾಲಿಚೆಯ ಮೇಲೆ ಮಾತ್ರ ದಿನಕ್ಕೊಮ್ಮೆಯಾದರೂ ಕೂತು ಅಂಗೈ ಆಡಿಸುತ್ತಾಳೆ.

ಇಂಥ ಗಾಲಿಚೆಯ ಮೇಲೆ ನಾಲ್ಕು ವರ್ಷಗಳ ಹಿಂದೆ ನಾನು ಇಸ್ತ್ರಿ ಪೆಟ್ಟಿಗೆ ಇಟ್ಟೆ. ಇದನ್ನು ಗುಟ್ಟಾಗಿಟ್ಟಿದ್ದೆ, ಯಾರಿಗೂ ಹೇಳಿರಲಿಲ್ಲ. ಸುಮಂಗಲೆ ಹುಬ್ಬಳ್ಳಿಗೆ ಮದುವೆಗೆಂದು ಹೋಗಿದ್ದಳು. ಕಾರ್ಖಾನೆಗೆ ಅಂದು ಹೊರಗಿನಿಂದ ತಪಾಸಣೆಯ ಸಾಹೇಬರು ಬರುವವರಿದ್ದರು, ಇಸ್ತ್ರಿಯವನ ಅಂಗಡಿ ಮುಚ್ಚಿತ್ತು, ಬಾಲ್ಕನಿಯ ಬಾಗಿಲ ಹತ್ತಿರ ಪ್ಲಗ್ಗಿತ್ತು. ಗಾಲಿಚೆಯ ಮೇಲೊಂದು ಚಾದರ ಹಾಸಿ ಪ್ಯಾಂಟು ಇಸ್ತ್ರಿ ಮಾಡುತ್ತಿದ್ದಾಗ ಫೋನು ಬಂತು. ಮಾತಾಡುತ್ತ ಪೆಟ್ಟಿಗೆಯನ್ನು ನೋಡದೆ ಪಕ್ಕಕ್ಕಿಟ್ಟೆ. ಚಾದರ ಆ ಪಕ್ಕಕ್ಕೆ ಇರಲಿಲ್ಲ. ಮೂಗಿಗೆ ಕಮರು ವಾಸನೆ ಬಡಿದು ಎತ್ತಿ ನೋಡಿದರೆ ಕೆಂಪು ಅಂಚಿನ ಮೇಲೆ ದೋಣಿಯಾಕಾರದ ಕಂದು ಗುರುತು. ಟೂತ್‌ಪೇಸ್ಟು ಹಚ್ಚಿ ತಿಕ್ಕಿದೆ. ಲಿಂಬೆಹಣ್ಣು ಹಿಂಡಿದೆ. ಕಡೆಗೆ ದೇವರ ಮನೆಯ ಕುಂಕುಮವನ್ನು ಕೊಬ್ಬರಿ ಎಣ್ಣೆಯಲ್ಲಿ ಕಲೆಸಿ ಬೆರಳಿನಿಂದ ಬಳಿದೆ. ಅಷ್ಟಾದ ಮೇಲೆ ಗಾಲಿಚೆಯನ್ನೇ ತಿರುಗಿಸಿ ಹಾಸಿ, ಆ ತುದಿಯನ್ನು ಗೋಡೆಯ ಪಕ್ಕದ ಭಾರದ ದಿವಾನದ ಕೆಳಗೆ ಸೇರಿಸಿಬಿಟ್ಟೆ. ಸುಮಂಗಲೆ ಬಂದು ಇದೇಕೆ ತಿರುವಿ ಹಾಕೀರಿ ಎಂದಾಗ, ಗಾಲಿಚೆಯ ಹೂವಿನ ಮುಖ ಈಶಾನ್ಯಕ್ಕಿರಬೇಕಂತೆ, ವಾಸ್ತು ಬಲ್ಲವರೊಬ್ಬರು ಹೇಳಿದರು ಎಂದೆ. ಆಕೆ ನಂಬಿದಳು. ನಂಬಿದ್ದಷ್ಟೇ ಅಲ್ಲ, ಕೆಳಗಿನ ಮನೆಯ ಕುಲಕರ್ಣಿ ವಹಿನಿಗೂ ಹೇಳಿ ಅವರ ಗಾಲಿಚೆಯನ್ನೂ ತಿರುಗಿಸಿ ಹಾಕಿಸಿದಳು. ಮರು ತಿಂಗಳೇ ಅವರ ಮಗಳಿಗೆ ವರ ಕೂಡಿಬಂತು. ಆಮೇಲೆ ನಮ್ಮ ಸೊಸೈಟಿಯಲ್ಲಿ ಯಾವ ಗಾಲಿಚೆಯೂ ಮೊದಲಿನ ದಿಕ್ಕಿಗೆ ಉಳಿಯಲಿಲ್ಲ.

ಈ ಸಲ ದೀಪಾವಳಿಗೆ ನಮ್ಮ ಅತ್ತೆಯವರು ಬರುವುದು ನಿಶ್ಚಯವಾಯಿತು. ಅವರು ಬಂದವರೇ ಮೊದಲು ಗಾಲಿಚೆಯ ಮೇಲೆ ಕೂಡುವವರು. ತೊಳೆಸಲೇಬೇಕೆಂದು ಸುಮಂಗಲೆ ಹಟ ಹಿಡಿದಳು. ನಾನು ಕೂಡಲೇ, ಅದಕ್ಕೇನು ಮಹಾ, ಭಾನುವಾರ ಗಚ್ಚಿಯ ಮೇಲೆ ಒಯ್ದು ಸಾಬೂನು ಪುಡಿ ಹಾಕಿ ಪೈಪು ಬಿಟ್ಟು ನಾನೊಬ್ಬನೇ ತೊಳೆದು ತರುತ್ತೇನೆ ಎಂದೆ. 'ಒಬ್ಬನೇ' ಎಂಬ ಮಾತಿನ ಮೇಲೆ ನಾನು ಹಾಕಿದ ಒತ್ತು ಆಕೆಗೆ ತಿಳಿಯಲಿಲ್ಲ.

"ನೀವು ತೊಳದ್ರ ಗಾಲಿಚಿ ಉಳೀತದೇನು? ನನ್ನ ಇಳಕಲ್ಲ ಸೀರಿ ಬಕೇಟಿನಾಗ ನೆನಿ ಇಟ್ಟು ಏನ ಮಾಡಿದ್ರಿ, ನೆನಪದನೂ?" ಎಂದಳು.

ನೆನಪಿತ್ತು. ಆ ಸೀರೆಯ ಬಣ್ಣ ಹತ್ತಿದ ನನ್ನ ಬನಿಯನ್ನುಗಳನ್ನು ಒಂದು ವರ್ಷ ತೊಟ್ಟಿದ್ದೇನೆ. ಆಕೆಯೇ ಯಾರನ್ನೋ ಕೇಳಿ ಹಡಪಸರದ ಕಡೆ ಗಾಲಿಚೆ ತೊಳೆಯುವವರ ನಂಬರು ತಂದಳು. ಫೋನು ಮಾಡುವ ಕೆಲಸ ನನಗೆ ಬಂತು. ಆ ಕಡೆಯಿಂದ ಹೆಂಗಸಿನ ಗಟ್ಟಿ ದನಿ, "ಮೀ ಬಿರಾಜದಾರ ಬೋಲತೇ" ಎಂದಿತು. ಬಿರಾಜದಾರ ಎಂಬ ಅಡ್ಡಹೆಸರು ಕೇಳಿದಾಗಲೇ ನನಗೊಂದು ಸಂಗತಿ ಹೊಳೆಯಬೇಕಿತ್ತು, ಹೊಳೆಯಲಿಲ್ಲ. ನಾನು ವಿಳಾಸ ಹೇಳಿ, ಗಾಡಿ ಯಾವಾಗ ಕಳಿಸುತ್ತೀರಿ ಎಂದು ಕೇಳಿದೆ. ಅವರು, ಗಾಡಿ ಆಮೇಲೆ, ನಾಳೆ ಬೆಳಿಗ್ಗೆ ಪಾಹಣಿಗೆ ಬರುತ್ತೇನೆ, "ಪಾಹಣೀ ಝಾಲ್ಯಾಶಿವಾಯ್ ಆಮ್ಹೀ ಪಾಣೀ ಲಾವತ್ ನಾಹೀ" ಎಂದರು. ಪಹಣಿ ಆಗದೆ ನಾವು ನೀರು ಮುಟ್ಟಿಸುವುದಿಲ್ಲ ಎಂದರ್ಥ.

ಇಷ್ಟು ವರ್ಷ ಪುಣೆಯಲ್ಲಿದ್ದು ಕಾಯಿಪಲ್ಯೆ ಕೊಳ್ಳುವಷ್ಟು, ರಿಕ್ಷಾದವರ ಜೊತೆ ಜಗಳಾಡುವಷ್ಟು ಮರಾಠಿ ನನಗೆ ಬರುತ್ತದೆ. ಆದರೆ ಕಿವಿ ಮಾತ್ರ ಇನ್ನೂ ಕನ್ನಡದ್ದೇ. ನಮ್ಮ ಕಡೆ ಪಹಣಿ ಎಂದರೆ ಹೊಲದ ಕಾಗದ. ಯಾರ ಹೆಸರಿಗಿದೆ, ಎಷ್ಟು ಎಕರೆ, ಏನು ಬೆಳೆ ಎಂದು ಬರೆದ ಸರಕಾರಿ ಪತ್ರ. ಗಾಲಿಚೆ ತೊಳೆಯಲು ಅದೇಕೆ ಎಂದು ಒಂದು ಗಳಿಗೆ ಅನ್ನಿಸಿತು. ಆದರೆ ಸಿಮ್ ಕಾರ್ಡಿಗೆ, ಗ್ಯಾಸಿಗೆ, ಸೊಸೈಟಿಯಲ್ಲಿ ಸೈಕಲ್ ನಿಲ್ಲಿಸುವುದಕ್ಕೂ ಕಾಗದ ಕೇಳುವ ಕಾಲದಲ್ಲಿ, ಗಾಲಿಚೆ ಕಳವಿನದಲ್ಲ, ಮನೆತನ ಸರಿಯಾಗಿದೆ ಎಂಬುದಕ್ಕೆ ಆಧಾರ ಕೇಳಿದರೆ ತಪ್ಪೇನು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಟ್ರಂಕು ಇಳಿಸಿ, ಹಳೆಯ ಫೈಲುಗಳನ್ನು ಝಾಡಿಸಿ, ನರಗುಂದದ ಹತ್ತಿರ ಅಣ್ಣನ ಜೊತೆ ಜಂಟಿಯಾಗಿರುವ ಒಂದೂವರೆ ಎಕರೆಯ ಪಹಣಿಯನ್ನು ಹುಡುಕಿ ತೆಗೆದೆ.

"ಗಾಲಿಚಿ ತೊಳೀಲಿಕ್ಕೆ ಹೊಲದ ಪಹಣಿ ಯಾಕ ಬೇಕ್ರಿ ಅವರಿಗೆ?" ಎಂದಳು ಸುಮಂಗಲೆ.

"ನಿನಗ ಗೊತ್ತಾಗೂದಿಲ್ಲ ಸುಮಾ. ಈ ಊರಾಗ ಎಲ್ಲಾದಕ್ಕೂ ಪ್ರೂಫ್ ಬೇಕು" ಎಂದು ನಾನು ಅದರ ಎರಡು ಝೆರಾಕ್ಸ್ ಕೂಡ ಮಾಡಿಸಿಟ್ಟೆ.

ಮರುದಿನ ಹತ್ತು ಗಂಟೆಗೆ ಬಿರಾಜದಾರ ಬಾಯಿ ಬಂದರು. ಈ ಊರಿನಲ್ಲಿ ಹೆಂಗಸರ ಹೆಸರಿಗೆ ಗೌರವದಿಂದ ಬಾಯಿ ಎಂದು ಸೇರಿಸುತ್ತಾರೆ. ಐವತ್ತೈದರ ಆಸುಪಾಸಿನ, ಸಣಕಲು ಮೈಕಟ್ಟಿನ ಹೆಂಗಸು. ಕೊರಳಲ್ಲಿ ದಾರಕ್ಕೆ ಕಟ್ಟಿದ ಕನ್ನಡಕ, ಹೆಗಲಿಗೊಂದು ಬಟ್ಟೆಯ ಚೀಲ. ಚಪ್ಪಲಿಯನ್ನು ಹೊರಗೇ ಬಿಟ್ಟರು. ನಾನು ಕೂಡಲೇ ಫೈಲು ಮುಂದೆ ಹಿಡಿದೆ. ಅವರು ಕನ್ನಡಕ ಏರಿಸಿ ಮೇಲಿನಿಂದ ಕೆಳಗಿನವರೆಗೆ ನೋಡಿ, ಇದೇನು ಎಂದು ಮರಾಠಿಯಲ್ಲಿ ಕೇಳಿದರು. ಪಹಣಿ ಎಂದೆ. ಅವರು ಒಂದು ಕ್ಷಣ ನನ್ನ ಮುಖ ನೋಡಿದರು, ಆಮೇಲೆ ಸೆರಗನ್ನು ಬಾಯಿಗೆ ಒತ್ತಿಕೊಂಡು ಹೆಗಲು ಕುಣಿಯುವಂತೆ ನಕ್ಕರು. "ಪಾಹಣೀ ಮ್ಹಣಜೇ ಪಾಹಣಂ ಹೋ, ಸಾಹೇಬ್" ಎಂದರು. ಪಾಹಣಿ ಎಂದರೆ ನೋಡುವುದು, ಅಷ್ಟೇ. ಸುಮಂಗಲೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಅವರಿಗಿಂತ ಜೋರಾಗಿ ನಕ್ಕಳು. ದಿನವಿಡೀ ತಪಾಸಣೆ ಮಾಡಿ ಹೊಟ್ಟೆ ಹೊರೆಯುವ ಮನುಷ್ಯನಿಗೆ ತಪಾಸಣೆ ಎಂಬ ಪದವೇ ಮನೆಬಾಗಿಲಿಗೆ ಬಂದಾಗ ಗುರುತು ಸಿಗಲಿಲ್ಲ.

ಆಮೇಲಿನ ಒಂದು ತಾಸು ನಾನು ನೋಡಿದ್ದನ್ನು ನಮ್ಮ ಕಾರ್ಖಾನೆಯಲ್ಲಿ ಹೊಸಬರಿಗೆ ತೋರಿಸಬೇಕಿತ್ತು. ಬಾಯಿ ಗಾಲಿಚೆಯ ಮುಖ ನೋಡಲೇ ಇಲ್ಲ. ಬಾಲ್ಕನಿಯ ಕಡೆಯ ಮೂಲೆ ಮಡಚಿ ಮೊದಲು ಬೆನ್ನು ನೋಡಿದರು. ಬೆರಳಿನಿಂದ ಗಂಟುಗಳನ್ನು ಎಣಿಸಿದರು. ಅಂಗೈಯನ್ನು ಒಮ್ಮೆ ಹೀಗೆ, ಒಮ್ಮೆ ಹಾಗೆ ಸವರಿ ಎಳೆ ಯಾವ ಕಡೆ ಮಲಗುತ್ತದೆಂದು ತಿಳಿದುಕೊಂಡರು. ಟಾರ್ಚನ್ನು ನೆಲದ ಮಟ್ಟಕ್ಕೆ ಮಲಗಿಸಿ ಹಿಡಿದು, ತಾವೂ ಕೆನ್ನೆಯನ್ನು ನೆಲಕ್ಕೆ ಹಚ್ಚಿ ನೋಡಿದರು. ಆ ಓರೆ ಬೆಳಕಿನಲ್ಲಿ, ನಮಗೆ ಸಮತಟ್ಟಾಗಿ ಕಾಣುತ್ತಿದ್ದ ಗಾಲಿಚೆಯಲ್ಲಿ ಹಳ್ಳ ದಿಣ್ಣೆ ಎಲ್ಲ ಎದ್ದು ಕಂಡವು. ಬಗ್ಗಿ ಮೂಸಿದರು. ಚೀಲದಿಂದ ಬಿಳಿ ಅರಿವೆ ತೆಗೆದು ನೀರಲ್ಲಿ ಅದ್ದಿ ಹಿಂಡಿ, ಕೆಂಪು ಅಂಚಿನ ಮೇಲೆ ಒತ್ತಿ, ಗಡಿಯಾರ ನೋಡುತ್ತ ಸುಮ್ಮನೆ ಕೂತರು. ಅರಿವೆ ಎತ್ತಿದಾಗ ಅದರ ಮೇಲೆ ತೆಳುವಾಗಿ ಗುಲಾಬಿ ಬಣ್ಣ ಬಂದಿತ್ತು. ಈ ಕೆಂಪು ಬಣ್ಣ ಬಿಡುತ್ತದೆ, ಯಾರಾದರೂ ಸಾಬೂನು ಪುಡಿ ಹಾಕಿ ಪೈಪು ಬಿಟ್ಟಿದ್ದರೆ ಬಿಳಿ ಹೂವು ಒಂದೂ ಉಳಿಯುತ್ತಿರಲಿಲ್ಲ ಎಂದು ಸುಮಂಗಲೆಗೆ ಹೇಳಿದರು. ಸುಮಂಗಲೆ ನನ್ನ ಕಡೆ ನೋಡಿದಳು. ನಾನು ಫ್ಯಾನಿನ ಕಡೆ ನೋಡಿದೆ.

ನಾನು ಕಾರ್ಖಾನೆಯಲ್ಲಿ ಮುನ್ನೂರು ತುಂಡುಗಳ ಪೆಟ್ಟಿಗೆ ಬಂದರೆ ಐದನ್ನು ಎತ್ತಿ ಅಳೆದು ಸಹಿ ಹಾಕುತ್ತೇನೆ. ಈ ಬಾಯಿ ಒಂದು ಗೇಣನ್ನೂ ಬಿಡಲಿಲ್ಲ. ಟೀವಿಯ ಎದುರಿನ ನನ್ನ ಕುರ್ಚಿಯ ಹತ್ತಿರ ಬಂದು, ಇಲ್ಲಿ ಕೂಡುವವರು ಎಡಗಾಲಿನ ಹಿಮ್ಮಡಿ ಉಜ್ಜುತ್ತಾರೆ, ಶೇಂಗಾ ತಿನ್ನುತ್ತಾರೆ, ಸಿಪ್ಪೆಯನ್ನು ಗಾಲಿಚೆಯ ಅಂಚಿನ ಕೆಳಗೆ ತಳ್ಳುತ್ತಾರೆ ಎಂದು ಒಂದೊಂದಾಗಿ ಹೇಳಿದರು. ಅಂಚು ಎತ್ತಿದಾಗ ಅಲ್ಲಿ ಸಿಪ್ಪೆಗಳೂ ಇದ್ದವು, ಡಾಕ್ಟರು ನನಗೆ ಕೊಟ್ಟಿದ್ದ ಎರಡು ಕಹಿ ಗುಳಿಗೆಗಳೂ ಇದ್ದವು. ನನಗೆ ನಾಚಿಕೆಯಾದರೂ ಒಳಗೊಳಗೇ ಆ ಹೆಂಗಸಿನ ಮೇಲೆ ಗೌರವ ಏರುತ್ತಲೇ ಇತ್ತು. ಕಂಡ ದೋಷವನ್ನೆಲ್ಲ ಅವರು ಫೋನಿನಲ್ಲಿ ಫೋಟೋ ತೆಗೆದು ಒಂದು ಫಾರ್ಮಿನಲ್ಲಿ ಬರೆದುಕೊಳ್ಳುತ್ತಿದ್ದರು. ಹೀಗೆ ಬರೆಯುತ್ತ, ಮಂಡಿಯೂರಿ ಸರಿಯುತ್ತ, ದಿವಾನದ ಹತ್ತಿರ ಬಂದರು. ನನ್ನ ಗೌರವ ಅಲ್ಲಿಗೆ ನಿಂತಿತು.

ಪುಣೆಯಲ್ಲಿರುವ ಕನ್ನಡಿಗರಿಗೆ ಒಂದು ದೊಡ್ಡ ಅನುಕೂಲವಿದೆ. ಅಂಗಡಿಯಲ್ಲಾಗಲಿ, ಬಸ್ಸಿನಲ್ಲಾಗಲಿ, ಎದುರಿಗಿರುವವರ ಬಗ್ಗೆ ಎದುರಿಗೇ ಕನ್ನಡದಲ್ಲಿ ಮಾತಾಡಿಕೊಳ್ಳಬಹುದು. ನಾನು ಮುಖದ ಮೇಲೆ ನಗೆ ಇಟ್ಟುಕೊಂಡೇ ಸುಮಂಗಲೆಗೆ ಹೇಳಿದೆ: "ಭಾಳ ಕಾರಭಾರ ಮಾಡ್ತಾಳ ಈಕಿ. ಬಂದು ಒಂದು ತಾಸಾತು, ನೋಡಿದ್ದ ನೋಡ್ತಾಳ. ದಿವಾನ ಎತ್ತೂದು ಬ್ಯಾಡ, ನನ್ನ ಸೊಂಟ ಹಿಡೀತದ ಅಂತ ಹೇಳಿ ಕಳಿಸಿಬಿಡು."

ಬಾಯಿ ಬರೆಯುವುದನ್ನು ನಿಲ್ಲಿಸಲಿಲ್ಲ, ತಲೆಯನ್ನೂ ಎತ್ತಲಿಲ್ಲ. "ನೋಡಾಕ ಬಂದೀನ್ರಿ ಸಾಹೇಬ್ರ, ನೋಡಬೇಕಲ್ರಿ. ಸೊಂಟದ ಚಿಂತಿ ಬಿಡ್ರಿ, ದಿವಾನ ನಾ ಸರಸ್ತೀನಿ" ಎಂದರು.

ನೆಲ ಬಾಯಿಬಿಟ್ಟರೆ ಒಳಗೆ ಹೋಗುತ್ತಿದ್ದೆ. ಆದರೆ ನಾಲ್ಕನೆಯ ಮಹಡಿಯ ನೆಲ ಬಾಯಿಬಿಟ್ಟರೆ ಕುಲಕರ್ಣಿಯವರ ಪಡಸಾಲೆ ಸಿಗುತ್ತದೆ. ಸುಮಂಗಲೆಗೆ ಮಾತ್ರ ತವರಿನವರು ಬಂದಷ್ಟು ಹಿಗ್ಗು. "ಅಯ್ಯ, ನೀವು ನಮ್ಮವರೇನ್ರಿ! ಯಾವೂರ್ರಿ ಅಕ್ಕಾರ?" ಎಂದು ಅವರ ಕೈಯನ್ನೇ ಹಿಡಿದಳು. ಅಕ್ಕಲಕೋಟೆಯ ಹತ್ತಿರದ ಹಳ್ಳಿಯಂತೆ. ಮನೆಯಲ್ಲಿ ಕನ್ನಡ, ಸಾಲೆಯಲ್ಲಿ ಮರಾಠಿ. ಬಿರಾಜದಾರ ಎಂಬ ಹೆಸರಿನವರು ಆ ಸೀಮೆಯಲ್ಲಿ ಮನೆಗೊಬ್ಬರು ಇದ್ದಾರೆ, ಅರ್ಧಕ್ಕರ್ಧ ಜನರಿಗೆ ಕನ್ನಡ ಬರುತ್ತದೆ ಎಂಬುದು ನನಗೂ ಗೊತ್ತಿದ್ದ ವಿಷಯವೇ. ಚಹಾ ಬಂತು, ಅವಲಕ್ಕಿ ಬಂತು. ಖಡಕ್ ರೊಟ್ಟಿಯ ಮಾತು, ಶೇಂಗಾ ಹಿಂಡಿಯ ಮಾತು ಬಂತು. ಈ ಸಡಗರದಲ್ಲಿ ದಿವಾನ ಮರೆತುಹೋಗಲಿ ಎಂದು ನಾನು ಎರಡನೆಯ ಸಲ ಚಹಾ ಹಾಕಿಸಿದೆ. ಬಾಯಿ ಅದನ್ನೂ ಕುಡಿದು, ಬಟ್ಟಲು ಕೆಳಗಿಟ್ಟು, "ಈ ಗಾಲಿಚಿ ತಿರುವಿ ಹಾಕೀರಿ. ನಾಕ್ ವರ್ಸ ಆಗಿರಬೇಕ್ರಿ" ಎಂದರು.

"ಹೌದ್ರಿ! ನಿಮಗ ಹ್ಯಾಂಗ ಗೊತ್ತಾತು?" ಎಂದಳು ಸುಮಂಗಲೆ.

"ದಿವಾನದ ಬುಡಕ ಬಿಸಲ ಬೀಳಂಗಿಲ್ಲ. ಆದ್ರ ಬಣ್ಣ ಭಾಳ ಹಾರಿದ್ದು ಆ ಕಡೀನ ಐತಿ, ಇಲ್ಲಿಂದನ ಕಾಣತೈತಿ. ಅಂದ್ರ ಮೊದಲ ಅದು ಬಾಲ್ಕನಿ ಕಡೆ ಇತ್ತು. ಈಗ ಬಾಲ್ಕನಿ ಕಡೆ ಇರೂದು ನಾಕ್ ವರ್ಸದ ಬಿಸಲಿನಷ್ಟ ಹಾರೈತಿ."

"ವಾಸ್ತು ಸಲವಾಗಿ ತಿರುವಿದ್ದು" ಎಂದು ಸುಮಂಗಲೆ ಹೆಮ್ಮೆಯಿಂದ ಹೇಳಿದಳು. ಬಾಯಿ ನನ್ನ ಕಡೆ ಒಂದು ಸಲ ನೋಡಿದರು. ನಮ್ಮ ಶೆಡ್ಡಿನಲ್ಲಿ ಬಿರುಕು ಬಿಟ್ಟ ಎರಕವನ್ನು ನಾನು ನೋಡುವುದು ಹಾಗೆಯೇ. ಆಮೇಲೆ ದಿವಾನದ ಒಂದು ತುದಿಯನ್ನು ತಾವು ಹಿಡಿದು, ಇನ್ನೊಂದನ್ನು ಹಿಡಿಯಲು ನನಗೇ ಸನ್ನೆ ಮಾಡಿದರು. ನನ್ನ ಗುಟ್ಟನ್ನು ನಾನೇ ಎತ್ತಿ ಸರಿಸಿದೆ.

ಕಂದು ದೋಣಿ ಇದ್ದಲ್ಲೇ ಇತ್ತು. ನಾಲ್ಕು ವರ್ಷಗಳಲ್ಲಿ ಕುಂಕುಮ ಕಪ್ಪಾಗಿ, ಎಣ್ಣೆಗೆ ಧೂಳು ಕೂತು, ನಾನು ಬಿಟ್ಟದ್ದಕ್ಕಿಂತ ದೊಡ್ಡದಾಗಿತ್ತು. ಸುಮಂಗಲೆ ನೆಲಕ್ಕೆ ಕೂತು ಆ ಗುರುತಿನ ಮೇಲೆ ಅಂಗೈ ಇಟ್ಟಳು. ನನ್ನ ನಾಲಿಗೆಯ ತುದಿಯಲ್ಲಿ ಆಗ ಮೂರು ಸುಳ್ಳುಗಳು ಸಾಲಾಗಿ ನಿಂತಿದ್ದವು: ಬಣ್ಣ ಬಳಿಯಲು ಬಂದವರು, ಬಾಡಿಗೆಯ ಪೆಂಡಾಲಿನವರು, ಇಲಿ. ಇಲಿಗೂ ಇಸ್ತ್ರಿಗೂ ಏನು ಸಂಬಂಧ ಎಂದು ಯೋಚಿಸುವಷ್ಟು ಸಮಯ ಇರಲಿಲ್ಲ.

ಬಾಯಿ ಬಗ್ಗಿ ಮೂಸಿ, ಉಗುರಿನಿಂದ ಒಂದು ಎಳೆ ಕೆರೆದು ನೋಡಿದರು. "ಇಸ್ತ್ರಿ ಐತ್ರಿ ಇದು. ಯಾರ ಇಟ್ರು ಅಂತ ನಾ ಕೇಳಂಗಿಲ್ಲ, ಅದು ನನ್ನ ಕೆಲಸ ಅಲ್ಲ. ಆಮ್ಯಾಲ ಇದಕ್ಕ ಏನೇನ ಹಚ್ಚೀರಿ, ಅದಷ್ಟ ಖರೇ ಹೇಳ್ರಿ. ಎಣ್ಣಿ ವಾಸನಿ ಬರತೈತಿ. ಕೆಂಪಂದು ಕುಂಕುಮನೋ ಬ್ಯಾರೇನೋ ಗೊತ್ತಾಗವಲ್ದು. ಅರಿಷಿಣದ ಕುಂಕುಮಕ್ಕ ಹುಳಿ ಬಿದ್ರ ಹಳದಿ ಆಕ್ಕೈತಿ, ಆ ಹಳದಿ ಬಿಳಿ ಹೂವಿಗೆ ಹರೀತಂದ್ರ ಸತ್ರೂ ಹೋಗಂಗಿಲ್ಲ. ನೀವು ಮುಚ್ಚಿದ್ರ ನಾ ತಪ್ಪ ಔಷಧ ಹಾಕ್ತೀನಿ. ಆಮ್ಯಾಲ ಗಾಲಿಚಿ ಹೋತು ಅಂತ ತಿಳೀರಿ."

ಒಂದು ಕಡೆ ನಾಲ್ಕು ವರ್ಷ ಜೋಪಾನ ಮಾಡಿದ ನನ್ನ ಮರ್ಯಾದೆ, ಇನ್ನೊಂದು ಕಡೆ ಮಾವನವರು ನಿದ್ದೆಗೆಟ್ಟು ತಂದ ಗಾಲಿಚೆ. ಇಷ್ಟು ಸ್ಪಷ್ಟವಾಗಿ ಯಾರೂ ನನ್ನ ಮುಂದೆ ಲೆಕ್ಕ ಇಟ್ಟಿರಲಿಲ್ಲ. ಸುಮಂಗಲೆಯ ಅಂಗೈ ಇನ್ನೂ ಆ ಗುರುತಿನ ಮೇಲೇ ಇತ್ತು, ಗಾಯಕ್ಕೆ ಕಾವು ಕೊಡುವ ಹಾಗೆ. ಅದನ್ನು ನೋಡಿ ನನಗೆ ನಿಜವಾಗಿ ಕೆಟ್ಟದೆನಿಸಿತು. ಇಸ್ತ್ರಿ ಇಟ್ಟದ್ದಕ್ಕಲ್ಲ, ಅದು ಯಾರ ಕೈಯಿಂದಲಾದರೂ ಆಗುವಂಥದು. ಆಕೆ ನಾಲ್ಕು ವರ್ಷ ಪೂರಾ ನನ್ನ ಸುಳ್ಳಿನ ಮೇಲೆ ಕೂತು ತಂದೆಯನ್ನು ನೆನೆಸಿಕೊಂಡಳಲ್ಲ ಎಂದು.

"ಮೊದಲ ಟೂತ್‌ಪೇಸ್ಟ್ ಹಚ್ಚಿದೆ" ಎಂದೆ. ಬಾಯಿ ಬರೆದುಕೊಂಡರು. "ಆಮ್ಯಾಲ ಲಿಂಬಿಹಣ್ಣು." ಬರೆದುಕೊಂಡರು. "ಆಮ್ಯಾಲ ಕುಂಕುಮ, ಕೊಬ್ರಿ ಎಣ್ಣ್ಯಾಗ ಕಲಸಿ."

"ಅಂಗಡಿ ಕುಂಕುಮನೋ, ಮನ್ಯಾಗ ಮಾಡಿದ್ದೋ?"

"ಮನ್ಯಾಗಿಂದು. ನಮ್ಮ ಅತ್ತಿಯವರು ಕಳಿಸಿದ್ದು."

"ಅವ್ವ ದೇವರಿಗಂತ ಮಾಡಿ ಕಳಿಸಿದ್ದು" ಎಂದಳು ಸುಮಂಗಲೆ ಮೆಲ್ಲಗೆ. ಆಮೇಲೆ ನನ್ನ ಕಡೆ ತಿರುಗಿ, "ಹಂಗಾದ್ರ ವಾಸ್ತು?" ಎಂದಳು. ನಾನು ತಲೆ ತಗ್ಗಿಸಿದೆ. "ಕುಲಕರ್ಣಿ ವಹಿನಿ ಗಾಲಿಚಿ ನಾನೇ ನಿಂತು ತಿರುವಿಸೀನ್ರೀ! ಅವರ ಮಗಳ ಲಗ್ನದಾಗ ನಿಮಗ ಶಾಲ ಹೊಚ್ಚಿದ್ರು!"

ಶಾಲು ಹೊದಿಸಿದ್ದು ನಿಜ. ಅದನ್ನು ನಾನು ಚಳಿಗಾಲದಲ್ಲಿ ಕಂಪನಿಯ ಬಸ್ಸಿನಲ್ಲಿ ಹೊದೆಯುತ್ತೇನೆ.

"ನಮ್ಮಪ್ಪ ಒಂದು ಖಣ ತಗೋಬೇಕಾದ್ರ ಎರಡೂ ಕಡೆ ನೋಡಿ, ಬೆರಳಾಗ ತಿಕ್ಕಿ, ಬಿಸಲಿಗೆ ಹಿಡದು ತಗೋತಿದ್ರು. ನಿಮ್ಮನ್ನ ನೋಡ್ಲಿಕ್ಕೆ ಬಂದಾಗ ಮಾತ್ರ ಬಸ್ಸಿಗೆ ಹೊತ್ತಾತು ಅಂತ ಚಹಾ ಕುಡದು ಎದ್ದು ಬಂದ್ರು" ಎಂದಳು. ಬಿರಾಜದಾರ ಬಾಯಿ ಬಿಳಿ ಅರಿವೆಯನ್ನು ಮಡಚುವುದರಲ್ಲಿ ತುಂಬ ಮಗ್ನರಾದಂತೆ ತೋರಿಸಿಕೊಂಡರು. ಆದರೆ ಅವರ ಹೆಗಲು ಮತ್ತೆ ಕುಣಿಯುತ್ತಿತ್ತು.

ದೋಷ ಹುಡುಕುವವರನ್ನು ಜನ ಇಷ್ಟಪಡುವುದಿಲ್ಲ ಎಂಬುದು ನನ್ನ ಉದ್ಯೋಗದ ಅನುಭವ. ನನ್ನನ್ನು ಕಂಡರೆ ಮಾಲು ತರುವವರಿಗೆ ಆಗುವುದಿಲ್ಲ, ಮಾಲಿಗಾಗಿ ಕಾಯುವವರಿಗೂ ಆಗುವುದಿಲ್ಲ. ಅದಕ್ಕೆ ಕಾರಣ ನನಗೆ ಅಂದು ತಿಳಿಯಿತು. ನಾನು ದೋಷ ಹುಡುಕುವುದು ಮಾಲನ್ನು ವಾಪಸು ಕಳಿಸಲು. ಈ ಬಾಯಿ ಹುಡುಕುತ್ತಿದ್ದುದು, ಈ ಗಾಲಿಚೆ ಎಷ್ಟು ನೀರು ತಡೆಯುತ್ತದೆ, ಎಲ್ಲಿ ಮೆಲ್ಲಗೆ ಮುಟ್ಟಬೇಕು, ಎಲ್ಲಿ ಮುಟ್ಟಲೇಬಾರದು ಎಂದು ತಿಳಿಯಲು. ಹತ್ತು ದಿನ ಬಿಟ್ಟು ಗಾಲಿಚೆ ಮನೆಗೆ ಬಂದಾಗ ಬಿಳಿ ಹೂಗಳಲ್ಲಿ ಒಂದಕ್ಕೂ ಕೆಂಪು ತಾಗಿರಲಿಲ್ಲ. ಕುಂಕುಮ, ಎಣ್ಣೆ ಪೂರ್ತಿ ಹೋಗಿದ್ದವು. ಸುಟ್ಟ ಗುರುತು ಮಾತ್ರ ತೆಳುವಾಗಿ ಉಳಿದಿತ್ತು. ಸುಟ್ಟ ಉಣ್ಣೆ ಮತ್ತೆ ಉಣ್ಣೆಯಾಗುವುದಿಲ್ಲ ಎಂದು ಅವರು ಮೊದಲೇ ಹೇಳಿದ್ದರು. ನಮ್ಮ ಅತ್ತೆಯವರು ಬಂದು ಗಾಲಿಚೆಯ ಮೇಲೆ ಕೂತು ಎರಡೂ ಕೈಯಿಂದ ಸವರಿ ಕಣ್ಣಲ್ಲಿ ನೀರು ತಂದುಕೊಂಡರು.

ಆದರೆ ನನ್ನ ಮನಸ್ಸಿನಲ್ಲಿ ಉಳಿದಿರುವುದು ಗಾಲಿಚೆ ಬಂದ ದಿನವಲ್ಲ, ಹೋದ ದಿನ. ದಿವಾನ ಸರಿಸಿದ ಮೇಲೆ, ಗಾಡಿಯವರು ಗಾಲಿಚೆಯನ್ನು ಸುರುಳಿ ಸುತ್ತುವ ಮುಂಚೆ, ಬಾಯಿ ಫಾರ್ಮನ್ನು ಮುಂದಿಟ್ಟರು. ಒಂಬತ್ತು ದೋಷಗಳ ಪಟ್ಟಿ. ಒಂಬತ್ತರಲ್ಲಿ ಏಳು ನನ್ನವು, ಒಂದು ಬಿಸಿಲಿನದು, ಒಂದು ಹುಳದ್ದು. ಕೈ ರೂಢಿಯಂತೆ ನಾನು ಪೆನ್ನು ತೆಗೆದೆ. ಬಾಯಿ ಫಾರ್ಮನ್ನು ನನ್ನ ಕೈಗೆ ಸಿಗದಂತೆ ಸರಿಸಿ, "ಮಾಲಕರ ಸಹಿ ಬೇಕ್ರಿ" ಎಂದು ಸುಮಂಗಲೆಗೆ ಕೊಟ್ಟರು. ಕೆಳಗೆ ಮರಾಠಿಯಲ್ಲಿ ಎರಡು ಸಾಲು ಅಚ್ಚಾಗಿದ್ದವು. ಸುಮಂಗಲೆ ಅದನ್ನು ನನಗೆ ಕೇಳಿಸುವಂತೆ ಕನ್ನಡದಲ್ಲಿ ಬಿಡಿಸಿ ಓದಿದಳು. ಮೇಲೆ ಹೇಳಿದ ದೋಷಗಳು ಮೊದಲಿನಿಂದಲೂ ಇವೆ, ಎಷ್ಟು ತೊಳೆದರೂ ಎಲ್ಲ ಹೋಗುತ್ತವೆಂಬ ಖಾತ್ರಿ ಇಲ್ಲ. ಇದನ್ನು ಕಣ್ಣಾರೆ ನೋಡಿ ತಿಳಿದುಕೊಂಡು ಒಪ್ಪಿದ್ದೇನೆ. ಓದಿ ಮುಗಿಸಿ ಒಮ್ಮೆ ಗಾಲಿಚೆಯ ಕಡೆ ನೋಡಿದಳು. ಆಮೇಲೆ ನನ್ನನ್ನು ತಲೆಯಿಂದ ಕಾಲಿನವರೆಗೆ, ಬಿರಾಜದಾರ ಬಾಯಿಗಿಂತಲೂ ನಿಧಾನವಾಗಿ, ನೋಡಿದಳು.

"ಎಲ್ಲಿ ಮಾಡಬೇಕ್ರಿ ಸಹಿ?" ಎಂದಳು.

ನಮ್ಮ ಕಾರ್ಖಾನೆಯಲ್ಲಿ ಕೆಟ್ಟ ಮಾಲಿಗೆ ಕೆಂಪು ಚೀಟಿ ಕಟ್ಟಿ ವಾಪಸು ಕಳಿಸುತ್ತೇವೆ. ಆದರೆ ದೋಷವಿದೆಯೆಂದು ಗೊತ್ತಿದ್ದೂ, ಬದಲಿ ಸಿಗುವಂತಿಲ್ಲವೆಂದೋ, ಹೇಗೋ ಕೆಲಸ ನಡೆಯುತ್ತದೆಂದೋ ಇಟ್ಟುಕೊಳ್ಳುವ ಮಾಲೂ ಇರುತ್ತದೆ. ಅದಕ್ಕೆ ಹಳದಿ ಚೀಟಿ. ಅದನ್ನು ಕಟ್ಟುವ ಅಧಿಕಾರ ನನ್ನಂಥವರಿಗಿಲ್ಲ, ಎಲ್ಲರಿಗಿಂತ ಮೇಲಿನವರೇ ಸಹಿ ಹಾಕಬೇಕು. ಸುಮಂಗಲೆ ಸಹಿ ಮಾಡಿ, ಪೆನ್ನಿನ ಮುಚ್ಚಳ ಹಾಕಿ, ನನ್ನ ಕಡೆ ತಿರುಗಿ, "ಊಟಕ್ಕ ತಾಟ ಹಾಕ್ಲೇನು?" ಎಂದಾಗ ನನ್ನ ಕೈ ತಾನಾಗಿಯೇ ಅಂಗಿಯ ಮೇಲಿನ ಗುಂಡಿಗೆ ಹೋಯಿತು. ಹಳದಿ ಚೀಟಿಯನ್ನು ಆಕೆ ಅಲ್ಲೇ ಎಲ್ಲೋ ಕಟ್ಟಿರಬೇಕು.